ಕೈಯಾರೆ ಕೊಡಬೇಕಾದ ಪೆಟ್ಟಿಗೆ

ಕಮಲಾಕ್ಷ ಕೋಟ್ಯಾನರಿಗೆ ಸ್ಪೇನ್ ದೇಶದ ಮಂತ್ರಿಗಳ ಹೆಸರೆಲ್ಲ ಬಾಯಿಪಾಠ. ಊರು ಉಡುಪಿ ಹತ್ತಿರದ ಕಾಪು, ಮನೆ ಮೆಲ್ಬರ್ನಿನ ಪಾಯಿಂಟ್ ಕುಕ್. ಕೆಲಸ ಬಾಕ್ಸ್ ಹಿಲ್‌ನ ಒಂದು ವೃದ್ಧಾಶ್ರಮದಲ್ಲಿ, ಯಾವ ನರ್ಸ್ ಯಾವ ದಿನ ಯಾವ ಪಾಳಿ ಎಂದು ರೋಸ್ಟರ್ ಹಾಕುವುದು. ಸ್ಪೇನಿಗೆ ಒಮ್ಮೆಯೂ ಕಾಲಿಟ್ಟವರಲ್ಲ. ಆದರೂ ಮ್ಯಾಡ್ರಿಡ್‌ನಲ್ಲಿ ಯಾರಿಗೆ ಯಾವ ಖಾತೆ ಸಿಕ್ಕಿತು ಎಂಬುದನ್ನು, ಕಾಪುವಿನಲ್ಲಿ ಯಾರ ಮಗಳನ್ನು ಯಾವ ಮನೆಗೆ ಕೊಟ್ಟರು ಎಂದು ಹೇಳುವಷ್ಟೇ ಸಲೀಸಾಗಿ ಹೇಳುತ್ತಿದ್ದರು.

ಜ್ಯೋತ್ಸ್ನಾಗೆ ಇದು ಮೊದಲಿನಿಂದಲೂ ವಿಚಿತ್ರವೆನಿಸಿತ್ತು. ಅವಳು ತುಮಕೂರಿನವಳು, ಐಟಿಯಲ್ಲಿ ಕೆಲಸ. ಮೆಲ್ಬರ್ನಿನ ಕರಾವಳಿ ಕೂಟದ ಹಾಡಿನ ತಂಡಕ್ಕೆ ದನಿ ಕಡಿಮೆಯಿದೆಯೆಂದು ಯಾರೋ ಕರೆದುಕೊಂಡು ಹೋಗಿದ್ದರು. ಅಲ್ಲಿ ಅವಳನ್ನು ಮೊದಲು ಮಾತನಾಡಿಸಿದವರೇ ಕಮಲಾಕ್ಷ.

"ನಿನಗೆ ಗೊತ್ತುಂಟಾ, ಸ್ಪೇನಿನಲ್ಲಿ ಅಂತರಿಕ್ಷಕ್ಕೆ ಹೋಗಿ ಬಂದವನನ್ನೇ ವಿಜ್ಞಾನ ಮಂತ್ರಿ ಮಾಡಿದ್ರು. ಜಡ್ಜ್ ಆಗಿದ್ದವನು ಗೃಹಮಂತ್ರಿ. ಹದಿನೇಳು ಮಂತ್ರಿಗಳಲ್ಲಿ ಹನ್ನೊಂದು ಹೆಂಗಸರು. ಎಂತ ಹೇಳ್ತಿ?"

"ನಾನು ಹಾಡೋಕೆ ಬಂದೆ, ಅಂಕಲ್."

"ಹಾಡು ಮಾರಾಯ್ತಿ, ಯಾರು ಬೇಡ ಅಂದ್ರು? ಆದ್ರೆ ಯೋಚನೆ ಮಾಡು."

ಈ ಹುಚ್ಚು ಹತ್ತಿಸಿದ್ದು ಎನ್‌ಕಾರ್ನಾ ಎಂಬ ಸ್ಪ್ಯಾನಿಶ್ ಮುದುಕಿ. ಹರೆಯದಲ್ಲೇ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಬಂದು, ಮನೆಗೆಲಸ ಮಾಡಿ, ಸಂಸಾರ ಮಾಡಿ, ಕೊನೆಗೆ ಬಾಕ್ಸ್ ಹಿಲ್‌ನ ಆ ವೃದ್ಧಾಶ್ರಮ ಸೇರಿದ್ದಳು. ಬೆಳಗಿನ ಟಿವಿಯಲ್ಲಿ ಸ್ಪೇನಿನ ವಾರ್ತೆ ಬರುವಾಗ ಅವಳಿಗೆ ಯಾರಾದರೂ ಪಕ್ಕದಲ್ಲಿ ಕೂರಬೇಕು. ಎರಡು ಸಾವಿರದ ಹದಿನೆಂಟರ ಜೂನ್ ತಿಂಗಳಲ್ಲಿ ಹಾಗೆ ಕೂತವರು ಕಮಲಾಕ್ಷ. ಸಂಸತ್ತಿನಲ್ಲಿ ಕಾಲು ಭಾಗದಷ್ಟೂ ಸೀಟಿಲ್ಲದ ಸಮಾಜವಾದಿ ಪಕ್ಷವೊಂದು ಅವಿಶ್ವಾಸ ಗೊತ್ತುವಳಿ ತಂದು, ಸಣ್ಣಪುಟ್ಟ ಪಕ್ಷಗಳನ್ನು ಒಟ್ಟು ಹಾಕಿ, ಸರಕಾರ ಮಾಡಿಬಿಟ್ಟಿತ್ತು. ರೋಸ್ಟರ್ ಹಾಕುವ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಕುತೂಹಲ ಏನು ಬೇಕು? ಇಂಥವಳು ಇಂಥವಳ ಜೊತೆ ಪಾಳಿ ಮಾಡುವುದಿಲ್ಲ, ಇವನಿಗೆ ಭಾನುವಾರ ಆಗುವುದಿಲ್ಲ ಎಂದು ಅವರು ದಿನವೂ ತಲೆ ಕೆಡಿಸಿಕೊಳ್ಳುವ ಲೆಕ್ಕವೇ ಅಲ್ಲಿ ದೇಶದ ಮಟ್ಟದಲ್ಲಿ ನಡೆಯುತ್ತಿತ್ತು.

ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಕೊನೆಯ ದೃಶ್ಯ. ಪ್ರತಿ ಇಲಾಖೆಯಲ್ಲೂ, ಕುರ್ಚಿ ಕಳೆದುಕೊಂಡ ಹಳೇ ಮಂತ್ರಿ ಹೊಸ ಮಂತ್ರಿಗಾಗಿ ಕಾದು ನಿಂತು, ಅಧಿಕಾರದ ಗುರುತಾದ ಒಂದು ಚರ್ಮದ ಬ್ಯಾಗನ್ನು ಕೈಯಾರೆ ಕೊಡುತ್ತಾರೆ. ಎಲ್ಲರ ಎದುರು ಕೊಡುತ್ತಾರೆ, ಎರಡು ಒಳ್ಳೆಯ ಮಾತು ಹೇಳಿಯೇ ಕೊಡುತ್ತಾರೆ. ಹಿಂದಿನ ವಾರ ಸಂಸತ್ತಿನಲ್ಲಿ ಒಬ್ಬರ ಮೇಲೊಬ್ಬರು ಹರಿಹಾಯ್ದವರು ಇವರೇ.

ಕೂಟದ ಅಧ್ಯಕ್ಷ ಧನರಾಜ್ ಸಾಲಿಯಾನ್. ಅವರೂ ಕಮಲಾಕ್ಷರೂ ಓದಲೆಂದು ಒಂದೇ ವರ್ಷ ಮೆಲ್ಬರ್ನಿಗೆ ಬಂದು, ಒಂದೇ ಬಾಡಿಗೆ ಕೋಣೆಯಲ್ಲಿ ಒಂದೇ ಕುಕ್ಕರ್‌ನಲ್ಲಿ ಅನ್ನ ಮಾಡಿಕೊಂಡು, ಇಲ್ಲೇ ಖಾಯಂ ನೆಲೆಸುವ ಪಿಆರ್‌ಗಾಗಿ ಒಟ್ಟಿಗೆ ಕಾದವರು. ಕೂಟ ಕಟ್ಟಿದ್ದೂ ಒಟ್ಟಿಗೆ. ಧನರಾಜ್ ಒಳ್ಳೆಯ ಕೆಲಸಗಾರ, ಆದರೆ ಯಾರನ್ನೂ ಕೇಳುವ ಅಭ್ಯಾಸವಿರಲಿಲ್ಲ. ಒಂದು ವರ್ಷ ಮಕ್ಕಳು ತಿಂಗಳುಗಟ್ಟಲೆ ಕಲಿತ ಯಕ್ಷಗಾನವನ್ನು ಕೊನೆ ಗಳಿಗೆಯಲ್ಲಿ ತೆಗೆದುಹಾಕಿ, ದೀಪಾವಳಿಗೆ ಡಿಜೆ ಕರೆಸಿದರು. ಗೆಜ್ಜೆ ಕಟ್ಟಿದ ಮಕ್ಕಳು ಹಾಲ್‌ನ ಹೊರಗೆ ಚಿಪ್ಸ್ ತಿನ್ನುತ್ತಾ ಕೂತಿದ್ದರು. ಅದರ ಮುಂದಿನ ಮಹಾಸಭೆಯಲ್ಲಿ ಅವಿಶ್ವಾಸ ಗೊತ್ತುವಳಿ ಬಂತು, ಪಾಸೂ ಆಯಿತು. ಹೊಸ ಅಧ್ಯಕ್ಷರು ಯಾರು ಎಂದಾಗ ಎಲ್ಲರೂ ಫೋನ್ ನೋಡತೊಡಗಿದರು. ಕಮಲಾಕ್ಷ ಮಾತ್ರ ಫೋನ್ ಮನೆಯಲ್ಲೇ ಬಿಟ್ಟು ಬಂದಿದ್ದರು.

ಧನರಾಜ್ ಬಾಗಿಲ ಬಳಿ ನಿಂತು ಕೇಳಿದರು. "ನೀನೂ ಕೈ ಎತ್ತಿದೆಯಾ?"

"ಎತ್ತಿದೆ. ನೀನು ಮಾಡಿದ್ದು ತಪ್ಪು ಧನ್ನು, ಅದಕ್ಕೆ ಎತ್ತಿದೆ. ಬಾ, ಚಾ ಕುಡಿಯುವ."

ಧನರಾಜ್ ಚಾ ಕುಡಿಯಲಿಲ್ಲ.

ಅಧ್ಯಕ್ಷರಾಗಿ ಕಮಲಾಕ್ಷ ಸಮಿತಿ ಕಟ್ಟಿದ ರೀತಿ ಜ್ಯೋತ್ಸ್ನಾಗೆ ಈಗಲೂ ನೆನಪಿದೆ. ನೀವು ಯಾರ ಕಡೆ ಎಂದು ಅವರು ಯಾರನ್ನೂ ಕೇಳಲಿಲ್ಲ. ಮನೆಮನೆಗೆ ಹೋಗಿ, ನಿಮಗೆ ಏನು ಸರಿ ಕಾಣುವುದಿಲ್ಲ ಎಂದು ಕೇಳಿದರು. ವರ್ಷವೂ ಸಾಂಬಾರು ನೀರಾಯಿತು ಎಂದು ಗೊಣಗುತ್ತಿದ್ದ ಚೆನ್ನು ಆಂಟಿಗೆ ಊಟದ ಖಾತೆ ಕೊಟ್ಟರು.

ಕಮಲಾಕ್ಷರ ಹೆಂಡತಿ ಸುಪ್ರೀತಾಗೆ ನಗು. "ಅಡುಗೆ ಚೆನ್ನಾಗಿ ಮಾಡುವವರು ಬೇರೆ ಇಲ್ವಾ?"

"ಇದ್ದಾರೆ. ಆದ್ರೆ ಚೆನ್ನಕ್ಕನೇ ಮಂತ್ರಿ ಆದ್ರೆ ಊಟ ಸರಿ ಇಲ್ಲ ಅಂತ ಹೇಳ್ಲಿಕ್ಕೆ ಯಾರು ಉಳೀತಾರೆ?"

ಸಮಿತಿಯಲ್ಲಿ ಹೆಂಗಸರೇ ಹೆಚ್ಚಾದರು. ಸಂಸ್ಕೃತಿ ಖಾತೆ ಜ್ಯೋತ್ಸ್ನಾಗೆ ಬಂತು.

"ಅಂಕಲ್, ನಾನು ತುಮಕೂರವಳು. ಸಮುದ್ರ ನೋಡಿದ್ದೇ ಇಲ್ಲಿಗೆ ಬಂದ್ಮೇಲೆ. ಕರಾವಳಿ ಸಂಸ್ಕೃತಿಗೆ ನಾನಾ?"

"ಗೊತ್ತಿಲ್ಲದವಳು ಕೇಳ್ತಾಳೆ, ಗೊತ್ತಿದ್ದವರು ಜಗಳ ಮಾಡ್ತಾರೆ. ಹೆದರಬೇಡ. ಸ್ಪೇನಿನಲ್ಲಿ ಆ ಸಲದ ಸಂಸ್ಕೃತಿ ಮಂತ್ರಿ ಒಂದೇ ವಾರದಲ್ಲಿ ರಾಜೀನಾಮೆ ಕೊಟ್ಟ. ನೀನು ಎರಡು ವಾರ ನಿಂತರೆ ನಾವು ಗೆದ್ದ ಹಾಗೆ."

ಇಷ್ಟೆಲ್ಲ ಆಗಿ, ಉಳಿದದ್ದು ಪೆಟ್ಟಿಗೆ. ಕೂಟದ ಆಸ್ತಿಯೆಂದರೆ ಒಂದು ನೀಲಿ ತಗಡಿನ ಟ್ರಂಕು. ಅದರೊಳಗೆ ಹಿತ್ತಾಳೆಯ ಕಾಲುದೀಪ, ಬ್ಯಾನರು, ಮೈಕು, ಊಟ ಬಡಿಸುವ ಸೌಟುಗಳು. ಒಂದು ಶನಿವಾರ ಬೆಳಿಗ್ಗೆ ಕಮಲಾಕ್ಷ ಬಾಗಿಲು ತೆರೆದಾಗ ಅದು ಮೆಟ್ಟಿಲ ಮೇಲೆ ಕೂತಿತ್ತು. ಫೋನಿನಲ್ಲಿ ಧನರಾಜರ ಎರಡು ಪದದ ಸಂದೇಶ: ಬಾಕ್ಸ್ ಇಟ್ಟಿದ್ದೇನೆ.

ಕಮಲಾಕ್ಷ ಅದನ್ನು ಒಳಗೆ ತರಲಿಲ್ಲ. ಕಾರಿಗೆ ಹಾಕಿ, ಜ್ಯೋತ್ಸ್ನಾಳನ್ನೂ ಕರೆದುಕೊಂಡು, ನಗರದ ಆ ತುದಿಯಿಂದ ಈ ತುದಿಗೆ, ಕ್ರಾನ್‌ಬರ್ನ್‌ನ ಧನರಾಜರ ಮನೆಗೆ ಹೊರಟರು. ಬೆಲ್ ಒತ್ತಿದರು. ಬಾಗಿಲು ತೆರೆದದ್ದು ಧನರಾಜರ ಹೆಂಡತಿ ಶ್ರೀದೇವಿ.

"ಶ್ರೀದೇವಿ, ಪೆಟ್ಟಿಗೆ ವಾಪಸ್ ತಂದಿದ್ದೇನೆ. ಮೆಟ್ಟಿಲ ಮೇಲೆ ಇಡುವುದು ಪಿಜ್ಜಾ. ಇದನ್ನು ಅವನು ಹಾಲ್‌ಗೆ ಬಂದು, ಎಲ್ಲರ ಎದುರು, ಕೈಯಾರೆ ಕೊಡಬೇಕು. ನನ್ನ ಬಗ್ಗೆ ಎರಡು ಒಳ್ಳೆ ಮಾತು ಹೇಳಬೇಕು. ನಾನೂ ಅವನ ಬಗ್ಗೆ ಹೇಳ್ತೇನೆ, ನನ್ನ ಹತ್ರ ನಾಲ್ಕು ಉಂಟು."

ಒಳಗಿನಿಂದ ಧನರಾಜರ ದನಿ ಬಂತು. "ಅವನಿಗೆ ಮರ್ಲ್, ಪೂರಾ ಹುಚ್ಚು ಹಿಡಿದಿದೆ. ಬಾಗಿಲು ಹಾಕು."

ಶ್ರೀದೇವಿ ಬಾಗಿಲು ಹಾಕಲಿಲ್ಲ, ಒಳಗೆ ಕರೆಯಲೂ ಇಲ್ಲ. ಕಮಲಾಕ್ಷ ಟ್ರಂಕನ್ನು ಅವರ ಪಡಸಾಲೆಯೊಳಗೆ ಇಟ್ಟು ಬಂದರು. ವಾಪಸ್ ಬರುವಾಗ, ಬ್ರಿಜ್ ದಾಟಿದ ಮೇಲೆ ಹೇಳಿದರು, "ಬರ್ತಾನೆ, ಸ್ವಲ್ಪ ಹೊತ್ತು ಬೇಕು ಅವನಿಗೆ."

ಧನರಾಜ್ ಬರಲಿಲ್ಲ. ಅದೇ ವರ್ಷ ಕೆಲಸ ಬದಲಾಗಿ ಸಿಡ್ನಿಗೆ ಹೋದರು, ಮನೆ ಸಾಮಾನಿನ ಜೊತೆ ಟ್ರಂಕೂ ಹೋಯಿತು. ಹೊಸ ದೀಪ ತರೋಣ ಎಂದು ಸಮಿತಿಯಲ್ಲಿ ಎಷ್ಟೋ ಸಲ ಮಾತಾಯಿತು. ಕಮಲಾಕ್ಷ ಒಪ್ಪಲಿಲ್ಲ. ಹೊಸದು ತಂದರೆ ಅವನು ಬರುವ ದಾರಿಯೇ ಮುಚ್ಚಿದ ಹಾಗೆ ಎನ್ನುತ್ತಿದ್ದರು. ಸುಪ್ರೀತಾ ಮನೆಯ ಸಣ್ಣ ದೀಪವನ್ನು ಚೀಲದಲ್ಲಿ ತರುತ್ತಿದ್ದಳು. ಎರಡು ದೀಪಾವಳಿ ಹಾಗೆಯೇ ಕಳೆದವು.

ಈ ವರ್ಷ ಮಾರ್ಚ್‌ನಲ್ಲಿ, ಕೆಲಸಕ್ಕೆ ಹೋಗುವ ರೈಲಿನಲ್ಲಿ, ಕೂತಲ್ಲೇ ಕಮಲಾಕ್ಷರ ಎದೆಬಡಿತ ನಿಂತಿತು. ಪಕ್ಕದವರು ನಿದ್ದೆ ಎಂದುಕೊಂಡಿದ್ದರಂತೆ. ಐವತ್ತಾರು ವಯಸ್ಸು. ಅಂತ್ಯಕ್ರಿಯೆಗೆ ಧನರಾಜ್ ಬರಲಿಲ್ಲ.

ಉಪಾಧ್ಯಕ್ಷರು ಯಾರೂ ಇರಲಿಲ್ಲವಾದ್ದರಿಂದ ಕೂಟದ ಭಾರ ಜ್ಯೋತ್ಸ್ನಾ ಮೇಲೆ ಬಿತ್ತು. ಶ್ರದ್ಧಾಂಜಲಿ ಸಭೆ ಗೊತ್ತು ಮಾಡಿದಳು. ಅದಕ್ಕೆ ಮೊದಲು, ಕಮಲಾಕ್ಷರ ಡ್ರಾಯರ್‌ನಲ್ಲಿದ್ದ ಕನ್ನಡಕ, ಊಟದ ಡಬ್ಬಿ ತರಲು ಸುಪ್ರೀತಾ ಜೊತೆ ವೃದ್ಧಾಶ್ರಮಕ್ಕೆ ಹೋದಳು. ಎನ್‌ಕಾರ್ನಾ ಟಿವಿ ಎದುರು ಕೂತಿದ್ದಳು, ಪಕ್ಕದ ಕುರ್ಚಿ ಖಾಲಿ. ಸುಪ್ರೀತಾಳ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಇಂಗ್ಲಿಷಿನಲ್ಲಿ ಕೇಳಿದಳು:

"ಅವನಿಗೆ ಅವನ ಬ್ಯಾಗ್ ಸಿಕ್ಕಿತಾ?"

ಸಿಗಲಿಲ್ಲ ಎಂದಳು ಜ್ಯೋತ್ಸ್ನಾ. ಇಷ್ಟು ವರ್ಷ ತಲೆಯಲ್ಲಿದ್ದದ್ದನ್ನು ಈಗಲಾದರೂ ಕೇಳಿಬಿಡೋಣವೆನಿಸಿತು. ಯಾವುದೋ ದೇಶದ ಒಂದು ಬ್ಯಾಗು ಕಮಲಾಕ್ಷರಿಗೆ ಯಾಕೆ ಅಷ್ಟು ಹಿಡಿಸಿತು?

ಮುದುಕಿ ಟಿವಿಯ ದನಿ ಸಣ್ಣ ಮಾಡಿದಳು. "ನನ್ನ ಅಪ್ಪ ನಮ್ಮ ಊರಿನ ಪಂಚಾಯಿತಿಯಲ್ಲಿದ್ದ, ಸಮಾಜವಾದಿ. ಅಂತರ್ಯುದ್ಧದಲ್ಲಿ ನಮ್ಮವರು ಸೋತಾಗ ಬಂದೂಕಿನವರು ಬಂದು ಕಚೇರಿಯ ಕೀಲಿಕೈ ಅವನ ಜೇಬಿನಿಂದಲೇ ಕಿತ್ತುಕೊಂಡರು. ಅಪ್ಪ ಜೈಲಿಗೆ ಹೋದ. ಅದನ್ನು ಅಮ್ಮ ಸಾಯುವವರೆಗೆ ಹೇಳುತ್ತಿದ್ದಳು. ಅದಕ್ಕೇ ನನಗೆ ಯಾವ ಪಕ್ಷ ಗೆದ್ದರೂ ಸರಿ, ಆ ಬ್ಯಾಗ್ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವುದನ್ನು ನೋಡಬೇಕು. ಇದನ್ನು ಅವನಿಗೆ ಹೇಳಿದ ದಿನ ಅವನು ರೋಸ್ಟರ್ ಮರೆತು ಇಲ್ಲೇ ಕೂತಿದ್ದ. ಅವತ್ತು ಮಧ್ಯಾಹ್ನ ನಮಗೆ ಮಾತ್ರೆ ಕೊಡಲು ನರ್ಸೇ ಇರಲಿಲ್ಲ."

ಸುಪ್ರೀತಾ ನಕ್ಕಳು. ಗಂಡ ಹೋದ ಮೇಲೆ ಅವಳು ನಕ್ಕದ್ದನ್ನು ಜ್ಯೋತ್ಸ್ನಾ ಮೊದಲ ಸಲ ನೋಡಿದಳು.

ಆ ವಾರವೇ ಸಿಡ್ನಿಯಿಂದ ಫೋನ್ ಬಂತು. "ಜ್ಯೋತ್ಸ್ನಾ, ಧನರಾಜ್ ಮಾತಾಡುವುದು. ಸಭೆಗೆ ದೀಪ ಬೇಕಲ್ಲ. ಬಾಕ್ಸ್ ಕೊರಿಯರ್ ಮಾಡ್ತೇನೆ."

ಹೂಂ ಎಂದುಬಿಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ದೀಪ ಸಿಗುತ್ತಿತ್ತು, ಟ್ರಂಕು ಬರುತ್ತಿತ್ತು, ಕಮಲಾಕ್ಷ ಕಾದದ್ದು ಮಾತ್ರ ನಡೆಯುತ್ತಿರಲಿಲ್ಲ.

"ಬೇಡ ಅಂಕಲ್. ಕೊರಿಯರ್‌ನಲ್ಲಿ ಬಂದ್ರೆ ನಾನೂ ವಾಪಸ್ ಕಳಿಸ್ತೀನಿ."

"ನಿನಗೂ ಹಿಡೀತಾ ಅವನ ಮರ್ಲ್?" ಎಂದು ಧನರಾಜ್ ಫೋನ್ ಇಟ್ಟರು.

ಮರುವಾರ ಆಫೀಸ್ ಕೆಲಸಕ್ಕೆ ಸಿಡ್ನಿಗೆ ಹೋದವಳು, ಸಂಜೆ ರೈಲು ಹಿಡಿದು ವೆಸ್ಟ್‌ಮೀಡ್‌ನ ಅವರ ಮನೆಗೆ ಹೋಗಿ ಬೆಲ್ ಒತ್ತಿದಳು. ಈ ಸಲ ಬಾಗಿಲು ತೆರೆದದ್ದು ಧನರಾಜರೇ. ತೆಳ್ಳಗಾಗಿದ್ದರು.

"ಗ್ಯಾರೇಜ್‌ನಲ್ಲಿ ಉಂಟು. ತಗೊಂಡು ಹೋಗು."

"ನಾನು ಬಾಕ್ಸ್ ತಗೊಂಡು ಹೋಗೋಕೆ ಬಂದಿಲ್ಲ. ನಿಮ್ಮನ್ನ ಕರೆಯೋಕೆ ಬಂದೆ."

ಶ್ರೀದೇವಿ ನೀರು ತಂದುಕೊಟ್ಟು ಅಲ್ಲೇ ಕೂತಳು. ಧನರಾಜ್ ಕೇಳಿದರು. "ಕೊನೆಗೆ ನನ್ನ ಬಗ್ಗೆ ಏನಾದರೂ ಹೇಳಿದ್ನಾ?"

ಏನಾದರೊಂದು ಕಟ್ಟಿ ಹೇಳಿಬಿಡಬೇಕೆಂದು ಜ್ಯೋತ್ಸ್ನಾಗೆ ಆಸೆಯಾಯಿತು. ಹೇಳಲಿಲ್ಲ. "ಇಲ್ಲ ಅಂಕಲ್. ರೈಲಲ್ಲಿ ಒಬ್ರೇ ಇದ್ರು. ಆದ್ರೆ ಹೊಸ ದೀಪ ತರೋಕೆ ಕೊನೇವರೆಗೂ ಬಿಡ್ಲಿಲ್ಲ."

"ಹಠಮಾರಿ" ಎಂದರು ಧನರಾಜ್. "ಅವನ ಬಗ್ಗೆ ಎರಡು ಒಳ್ಳೆ ಮಾತು ಬೇಕಂತೆ! ಎದುರಿಗೇ ಇಲ್ಲ, ಯಾರಿಗೆ ಹೇಳಲಿ?"

ಶ್ರೀದೇವಿ ಗಂಡನ ಕಡೆ ನೋಡದೆ ಹೇಳಿದಳು. "ಇದ್ದಾಗ ಹೇಳಲಿಲ್ಲ. ಈಗ ಹಾಲ್‌ನಲ್ಲಿ ಇರುವವರಿಗೆ ಹೇಳಿ."

ಜ್ಯೋತ್ಸ್ನಾ ಹೊರಡುವಾಗ ಧನರಾಜ್ ಬಾಗಿಲವರೆಗೆ ಬಂದು, ಸಭೆ ಎಷ್ಟು ಗಂಟೆಗೆ ಎಂದಷ್ಟೇ ಕೇಳಿದರು.

ಸಭೆಯ ದಿನ ಪಾಯಿಂಟ್ ಕುಕ್‌ನ ಹಾಲ್ ತುಂಬಿತ್ತು. ಸುಪ್ರೀತಾ ಎಂದಿನಂತೆ ಸಣ್ಣ ದೀಪವನ್ನು ಚೀಲದಲ್ಲಿ ತಂದಿದ್ದಳು, ಆದರೆ ಹೊರಗೆ ತೆಗೆದಿರಲಿಲ್ಲ. ಇನ್ನು ಶುರು ಮಾಡಲೇಬೇಕು ಎನ್ನುವಾಗ ಹೊರಗೆ ಕಾರಿನ ಡಿಕ್ಕಿ ಮುಚ್ಚಿದ ಸದ್ದಾಯಿತು. ನೀಲಿ ಟ್ರಂಕನ್ನು ಎರಡೂ ಕೈಯಲ್ಲಿ ಎದೆಗೆ ಆನಿಸಿಕೊಂಡು ಧನರಾಜ್ ಬಂದರು. ಸಹಾಯಕ್ಕೆ ಎದ್ದವರನ್ನು ಶ್ರೀದೇವಿ ಕಣ್ಣಿನಲ್ಲೇ ಕೂರಿಸಿದಳು.

ವೇದಿಕೆ ಹತ್ತಿ ಟ್ರಂಕನ್ನು ಜ್ಯೋತ್ಸ್ನಾ ಮುಂದೆ ಚಾಚಿದರು. ಭಾರಕ್ಕೆ ಅವಳ ಕೈ ಒಂದಿಷ್ಟು ಕುಸಿಯಿತು. ಅವರು ಪೂರ್ತಿ ಬಿಡಲಿಲ್ಲ. ಇಬ್ಬರೂ ಒಂದೊಂದು ಹಿಡಿ ಹಿಡಿದೇ ನಿಂತಿದ್ದರು.

"ಇದನ್ನು ನಾನು ಅವನ ಮೆಟ್ಟಿಲ ಮೇಲೆ ಇಟ್ಟು ಓಡಿ ಬಂದಿದ್ದೆ" ಎಂದರು ಧನರಾಜ್, ಮೈಕಿಲ್ಲದೆ. "ಅವನು ನನ್ನ ಮನೆಗೆ ತಂದ. ನಮ್ಮಿಬ್ಬರಲ್ಲಿ ಬೆಲ್ ಒತ್ತಿದವನು ಅವನು." ಆಮೇಲೆ ಎರಡನೆಯ ಮಾತು. "ಅನ್ನವನ್ನೂ ಅವನೇ ಚೆನ್ನಾಗಿ ಮಾಡ್ತಿದ್ದ."

ಅಷ್ಟು ಹೇಳಿ ಹಿಡಿ ಬಿಟ್ಟರು.

ದೀಪ ಹೊರಗೆ ಬಂತು. ಕರಿ ಹಿಡಿದಿತ್ತು. ಸುಪ್ರೀತಾ ಸೆರಗಿನಲ್ಲೇ ಒರೆಸಿ, ಎಣ್ಣೆ ಹಾಕಿ, ಬತ್ತಿ ಹಚ್ಚಿದಳು. ಅಷ್ಟರಲ್ಲಿ ಚೆನ್ನು ಆಂಟಿ ಟ್ರಂಕಿನೊಳಗೆ ಕೈ ಹಾಕಿ ಗಲಗಲ ಹುಡುಕುತ್ತಿದ್ದರು.

"ಧನರಾಜ್, ಸಾಂಬಾರಿನ ದೊಡ್ಡ ಸೌಟು ಎಲ್ಲಿ ಮಾರಾಯ?"

ಧನರಾಜ್ ಹೆಂಡತಿಯ ಮುಖ ನೋಡಿದರು. "ಸಿಡ್ನಿಯಲ್ಲಿ ಬಾಕಿ ಆಯ್ತು ಕಾಣ್ತದೆ, ಅಕ್ಕ. ಪೋಸ್ಟ್ ಮಾಡ್ತೇನೆ."

ಹಾಲ್‌ನ ತುಂಬ ಒಮ್ಮೆಗೇ "ಬೇಡ" ಎಂಬ ಕೂಗೆದ್ದಿತು.