ನಾಲ್ಕು ಐವತ್ತರ ಮೆಸೇಜು

ಆಗ ನನಗೆ ಅರವತ್ತೆಂಟು. ಆರು ವರ್ಷದ ಹಿಂದಿನ ಮಾತು. ಅದಕ್ಕೂ ಮೊದಲು ಯಾರಾದರೂ ದೆವ್ವ, ಗಾಳಿ ಎಂದರೆ ಅವರ ಮುಖದ ಮೇಲೇ ನಗುತ್ತಿದ್ದೆ. ಊರಿನಲ್ಲಿ ಎಷ್ಟೋ ಹೆಣಗಳಿಗೆ ನೀರು ಹಾಕಿದವಳು ನಾನು. ಒಂದಾದರೂ ಎದ್ದು ಕೂತು ನನ್ನನ್ನು ಮಾತಾಡಿಸಿರಲಿಲ್ಲ. ನಾನು ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ, ಊರಿನ ಶಾಲೆಯಲ್ಲಿ ನಮ್ಮಂಥವರಿಗೆ ಸಂಜೆ ಪಾಠ ಹೇಳುತ್ತಿದ್ದಾಗ. ಹಾಗಾಗಿ ಇಲ್ಲಿ ಕಾಗುಣಿತ ತಿದ್ದಿದವರು ಬೇರೆ, ಮಾತು ನನ್ನದು. ನಂಬುವುದು ಬಿಡುವುದು ನಿಮ್ಮ ಇಷ್ಟ.

ನಮ್ಮೂರು ಗಾವಡಗೆರೆ ಹತ್ತಿರ. ಯಾರ ಮನೆಯಲ್ಲಿ ಜೀವ ಹೋದರೂ ಮೊದಲು ನನ್ನನ್ನು ಕರೆಯುತ್ತಿದ್ದರು. ಮೂಗಿನ ಹತ್ತಿರ ಹತ್ತಿಯ ಎಳೆ ಹಿಡಿದು, ಕುತ್ತಿಗೆ ಮುಟ್ಟಿ, ಅಂಗಾಲು ಮುಟ್ಟಿ ನೋಡಿ ‘ಆಯ್ತು’ ಅನ್ನುತ್ತಿದ್ದೆ. ನಾನು ಅಂದ ಮೇಲೆಯೇ ಅಳು ಶುರುವಾಗುವುದು. ಡಾಕ್ಟರನ್ನು ಕರೆಸುವ ರೂಢಿ ಇರಲಿಲ್ಲ. ಬದುಕಿದ್ದಾಗಲೇ ಕರೆಸದವರು ಸತ್ತ ಮೇಲೆ ಯಾಕೆ ಕರೆಸುತ್ತಾರೆ?

ನನ್ನ ತಂಗಿ ಕೆಂಪಮ್ಮನನ್ನೂ ಅದೇ ಊರಿಗೆ ಕೊಟ್ಟಿದ್ದರು. ಗಂಡ ಹೋದ ಮೇಲೆ ಮಗಳು ಭಾಗ್ಯಳ ಜೊತೆ ಇದ್ದಳು. ಭಾಗ್ಯ ಗಾವಡಗೆರೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಳು. ಅಂಗಡಿಯ ನಂಬರು ಮಾತ್ರ ಕೆಂಪಮ್ಮನದೇ. ರೈತರು ಪಹಣಿ, ಆಧಾರ್ ಕಾರ್ಡಿನ ಫೋಟೋಗಳನ್ನು ಆ ನಂಬರಿಗೆ ಕಳಿಸುತ್ತಿದ್ದರು. ಫೋನು ಊರಿನಲ್ಲಿ ತಂಗಿಯ ಹತ್ತಿರ ಇದ್ದರೂ ಬಂದದ್ದೆಲ್ಲ ಅಂಗಡಿಯ ಕಂಪ್ಯೂಟರಿನಲ್ಲೂ ಬೀಳುತ್ತಿತ್ತು. ಭಾಗ್ಯ ಅದನ್ನು ನೋಡಿ ಪ್ರಿಂಟು ತೆಗೆಯುವಳು. ತಂಗಿ ಬೇರೆಯವರಿಗೆ ಬರೆದದ್ದೂ ಅಲ್ಲಿ ಕಾಣುತ್ತಿತ್ತು. ನಮ್ಮೂರಿನಲ್ಲಿ ನೆಟ್‌ವರ್ಕು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬೆಳಗ್ಗೆ ಬರೆದ ‘ಉಪ್ಪು ತಾ’ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಬೀಳುವುದು. ಎಷ್ಟು ತಡವಾಗಿ ಬಿದ್ದರೂ ಬರೆದ ಗಂಟೆ ನಿಮಿಷ ಪಕ್ಕದಲ್ಲಿ ಸರಿಯಾಗಿಯೇ ಇರುತ್ತಿತ್ತು.

ಆ ಫೋನನ್ನು ಕೆಂಪಮ್ಮ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದಳು. ಸುಣ್ಣ ಮೆತ್ತಿ ಅದರ ಬೆನ್ನು ಬೆಳ್ಳಗಾಗಿತ್ತು. “ಕಿವಿಗೂ ಸುಣ್ಣ ಬಳ್ಕೊತೀಯೇನ್ಲೇ?” ಅಂದರೆ, “ನಿನ್ ಬಾಯ್ಗಿಂತ ವಾಸಿ ಕಣಕ್ಕ, ಸುಮ್ಕಿರು,” ಅನ್ನುತ್ತಿದ್ದಳು.

ಹೊಗೆಸೊಪ್ಪು ಕಟ್ಟುವ ಕಾಲ. ಅವಳಿಗೆ ಮೊದಲೇ ಉಬ್ಬಸ, ಸೊಪ್ಪಿನ ಘಾಟಿಗೆ ಇನ್ನೂ ಜಾಸ್ತಿಯಾಗಿತ್ತು. ಭಾಗ್ಯ ಕೆ.ಆರ್. ನಗರಕ್ಕೆ ಮದುವೆಗೆ ಹೋಗಿದ್ದಳು. ಬೆಳಗ್ಗೆ ಸೊಪ್ಪು ಕಟ್ಟಲು ಕರೆಯೋಣವೆಂದು ನಾನು ಹೋದರೆ ಕೆಂಪಮ್ಮ ಚಾಪೆಯ ಮೇಲೆ ಹಾಗೇ ಇದ್ದಳು. ಹತ್ತಿ ಹಿಡಿದೆ, ಅಲುಗಲಿಲ್ಲ. ಕುತ್ತಿಗೆಯಲ್ಲಿ ಏನೂ ಸಿಗಲಿಲ್ಲ. ಅಂಗಾಲು ತಣ್ಣಗಿತ್ತು. ಮೈ ಇನ್ನೂ ಸೆಟೆದಿರಲಿಲ್ಲ. ಈಗಷ್ಟೇ ಹೋಗಿದ್ದಾಳೆ ಅಂದುಕೊಂಡೆ. ‘ಆಯ್ತು’ ಅಂದೆ.

ಭಾಗ್ಯ ಹತ್ತು ಗಂಟೆಗೆ ಬಂದಳು. ನೀರು ಹಾಕಿ, ಅವರ ಹೊಲದ ಬದುವಿನಲ್ಲೇ ಮಣ್ಣು ಮಾಡಿದೆವು. ಸತ್ತವರ ಜೊತೆ ಅವರ ಎಲೆಅಡಿಕೆ ಚೀಲ ಇಡುವುದು ನಮ್ಮಲ್ಲಿ ಪದ್ಧತಿ. ನಾನೇ ಇಟ್ಟೆ. ಒಳಗೆ ಕೈ ಹಾಕಿ ನೋಡಲಿಲ್ಲ. ಮೂರು ಗಂಟೆಗೆ ಮಣ್ಣು ಮುಚ್ಚಿ, ನಾಲ್ಕಕ್ಕೆ ಎಲ್ಲರೂ ಮನೆಗೆ ಬಂದು ಸ್ನಾನ ಮಾಡಿದೆವು.

ಫೋನು ಎಲ್ಲಿ ಅಂತ ಭಾಗ್ಯ ಹುಡುಕಿದ್ದು ಮಾರನೆಯ ದಿನ. ಎಲ್ಲಿ ಹೋಗಿದೆ ಎಂದು ನನಗೆ ಹೊಳೆದಾಗ ಹೇಳಿದೆ. ಅವಳು ಅಳುತ್ತಲೇ ನಕ್ಕುಬಿಟ್ಟಳು. “ಬುಡು ದೊಡ್ಡವ್ವ, ಎಲೆ ಆಕ್ಕೊಂಡು ಮಾತಾಡ್ತಾ ಇರ್ಲಿ,” ಅಂದಳು. ಆ ನಂಬರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್ ಅಂತ ಬಂತು.

ಮೂರನೆಯ ದಿನ ಹಾಲುತುಪ್ಪ ಬಿಟ್ಟು ಬಂದೆವು. ಯಾರೋ ತಮ್ಮ ಕಾಗದ ಬೇಕೇ ಬೇಕೆಂದು ಹಠ ಹಿಡಿದಿದ್ದರು. ಮಧ್ಯಾಹ್ನ ಭಾಗ್ಯ ಅಂಗಡಿಗೆ ಹೊರಟಳು, ಒಬ್ಬಳನ್ನೇ ಯಾಕೆ ಬಿಡುವುದೆಂದು ನಾನೂ ಹೋದೆ. ಮೂರು ದಿನದಿಂದ ಮುಚ್ಚಿದ್ದ ಕಂಪ್ಯೂಟರ್ ಹಾಕಿದಳು. ನಿಂತಿದ್ದ ಮೆಸೇಜುಗಳು ಒಂದರ ಹಿಂದೆ ಒಂದು ಬಿದ್ದವು. ಯಾರದೋ ಪಹಣಿ, ಯಾರದೋ ರೇಷನ್ ಕಾರ್ಡು. ಎಲ್ಲದರ ಕೆಳಗೆ ಒಂದು, ಕೆಂಪಮ್ಮ ನನ್ನ ನಂಬರಿಗೆ ಬರೆದದ್ದು. ನನ್ನ ಬಟನ್ ಫೋನಿಗೆ ಅದು ಬಂದೇ ಇರಲಿಲ್ಲ. ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ.

‘ಅಕ್ಕ ಉಸಿರು ಕಟ್ಟುತದೆ ಬಾ’

ಪಕ್ಕದಲ್ಲಿದ್ದ ತಾರೀಕು ಮಣ್ಣು ಮಾಡಿದ ದಿನದ್ದು. ಗಂಟೆ, ಸಂಜೆ ನಾಲ್ಕು ಐವತ್ತು.

ಭಾಗ್ಯ ಪರದೆಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. “ದೊಡ್ಡವ್ವ, ನೀನು ಸರ್‍ಯಾಗಿ ನೋಡ್ದಾ?”

ನಾನು “ನೋಡ್ದೆ” ಅಂದೆ. ನನ್ನ ಕೈ ಮಾತ್ರ ಆ ಅಂಗಾಲನ್ನು ನೆನಪು ಮಾಡಿಕೊಳ್ಳುತ್ತಿತ್ತು. ಮಳೆಗಾಲದ ಚಳಿಯಲ್ಲಿ ಯಾರ ಅಂಗಾಲು ಬೆಚ್ಚಗಿರುತ್ತದೆ?

ಅಲ್ಲಿಂದಲೇ ಬಸ್ಸು ಹತ್ತಿ ಹುಣಸೂರಿಗೆ ಹೋದೆವು. ಆ ಫೋನನ್ನೂ ಕಂಪ್ಯೂಟರನ್ನೂ ಕೂಡಿಸಿಕೊಟ್ಟವನು ಅಲ್ಲಿ ಮೊಬೈಲ್ ರಿಪೇರಿ ಮಾಡುವ ನಯಾಜ್. ಪರದೆಯ ಫೋಟೋ ತೋರಿಸಿದೆವು. “ಲೇಟಾಗಿ ಬಂದಿರ್ತದೆ ಅಮ್ಮ, ರಾತ್ರಿ ಬರ್ದಿರೋದು ಎಲ್ಲೋ ಸಿಕ್ಕಾಕ್ಕೊಂಡು ಸಂಜೆ ಹೋಗಿರ್ತದೆ,” ಅಂದ.

“ಹಂಗಾದ್ರೆ ರಾತ್ರಿ ಟೈಮೇ ಇರ್ಬೇಕಲ್ಲಣ್ಣ? ಮಿಕ್ಕಿದ್ದೆಲ್ಲ ಸರ್‍ಯಾಗೇ ತೋರ್ಸ್ತದೆ,” ಅಂದಳು ಭಾಗ್ಯ.

ಅವನು ಎರಡು ಸಲ ನೋಡಿದ. “ಅದೇ ಗೊತ್ತಾಗ್ತಿಲ್ಲ ನೋಡಿ. ಫೋನ್ ತಂದ್ಬಿಡಿ, ಬರ್ದಿದ್ದು ಯಾವಾಗ ಅಂತ ಅದ್ರಲ್ಲಿ ಇರ್ತದೆ.”

“ಫೋನು ಅವಳ ಜೊತೆ ಮಣ್ಣಾಗೋಯ್ತು ಕಣಪ್ಪ,” ಅಂದೆ ನಾನು.

ನಯಾಜ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. “ಅಷ್ಟು ಮಣ್ಣಿನ ಕೆಳಗೆ ಟವರ್ ಸಿಗಲ್ಲ ಅಮ್ಮ. ಒಳಗಿಂದ ಹೋಗೋಕೆ ಆಗಲ್ಲ,” ಅಂದ. ಸಮಾಧಾನಕ್ಕೆ ಹೇಳಿದ. ಆದರೆ ಒಳಗಿಂದ ಹೋಗುವ ಹಾಗಿಲ್ಲ, ಹೊರಗಿದ್ದಾಗ ಹೋಗಿದ್ದರೆ ಆ ಗಂಟೆ ಬರುವ ಹಾಗಿಲ್ಲ. ಮಧ್ಯೆ ಇನ್ನೇನಿದೆ? ಈ ಆರು ವರ್ಷದಲ್ಲಿ ತಿಳಿದವರನ್ನೆಲ್ಲ ಕೇಳಿದ್ದೇನೆ. ಎಲ್ಲರೂ ಮೊದಲು ಜೋರಾಗಿ ಹೇಳುತ್ತಾರೆ, ಆಮೇಲೆ ಟೀ ಕುಡಿದು ಹೋಗುತ್ತಾರೆ. ನನಗೆ ಇಂದಿಗೂ ಗೊತ್ತಿಲ್ಲ. ಅದಾದ ಮೇಲೆ ಯಾರ ಮೂಗಿಗೂ ನಾನು ಹತ್ತಿ ಹಿಡಿದಿಲ್ಲ.

ಆ ರಾತ್ರಿ ಭಾಗ್ಯ ಅನ್ನ ಮುಟ್ಟಲಿಲ್ಲ. ನೀರು ಕುಡಿದದ್ದೂ ಹೊರಗೆ ಬಂತು. ಗೋಡೆಗೆ ಒರಗಿ ಒಂದೇ ಮಾತು: “ಅಗ್ಸು. ನಂಗೆ ಗೊತ್ತಾಗ್ಬೇಕು. ಇಲ್ದಿದ್ರೆ ನಾನೂ ಅಲ್ಲೇ ಓಯ್ತೀನಿ.” ಕೇಳೋಣವೆಂದು ಕರೆಸಿದ ಊರಿನ ಯಜಮಾನರು, ಕೊಟ್ಟ ಮಣ್ಣು ಕೆದಕಬಾರದು ಎಂದು ಹೇಳಿ ಎದ್ದುಹೋದರು. ಅವರು ಹೋದ ಮೇಲೆ ನಾನು ಅಂದೆ: “ಬೆಳಿಗ್ಗೆ ನಾನೇ ಅಗ್ದು ನೋಡ್ತೀನಿ. ನೀನು ಬರಬ್ಯಾಡ.”

ಬೆಳಕು ಹರಿಯುವಾಗ ಗುದ್ದಲಿ ಹಿಡಿದು ಹೋದೆ. ಮಣ್ಣು ಇನ್ನೂ ಸಡಿಲವಾಗಿತ್ತು, ಮುದುಕಿಯ ಕೈಗೂ ಬರುತ್ತಿತ್ತು. ಒಂದು ಮೊಣಕೈ ಆಳ ತೆಗೆದೆ. ಅಲ್ಲಿಗೆ ನಿಲ್ಲಿಸಿದೆ. ಸುಸ್ತಾಗಿ ಅಲ್ಲ. ನಾವು ಮಲಗಿಸಿದ ಹಾಗೆ ಅವಳು ಇಲ್ಲದಿದ್ದರೆ, ಅದನ್ನು ನೋಡಿದ ಕಣ್ಣಿಟ್ಟುಕೊಂಡು ಭಾಗ್ಯಳ ಎದುರು ನಿಲ್ಲುವುದು ನನ್ನಿಂದ ಆಗುತ್ತಿರಲಿಲ್ಲ. ತೆಗೆದ ಮಣ್ಣನ್ನು ತಿರುಗಿ ಎಳೆದು ಮುಚ್ಚಿದೆ. ಸೀರೆಗೆ, ಕೈಗೆ, ಮೊಣಕೈ ಮೇಲಿನ ತನಕ ಮಣ್ಣು ಬಳಿದುಕೊಂಡು ಮನೆಗೆ ಬಂದೆ. ಇದನ್ನು ಭಾಗ್ಯ ಈಗ ಓದಿದರೆ ಓದಲಿ.

ಅವಳು ಬಾಗಿಲಲ್ಲೇ ನಿಂತಿದ್ದಳು. ನನ್ನ ಕೈ ನೋಡಿದಳು.

“ಹೆಂಗೆ ಮಲಗ್ಸಿದ್ವೋ ಹಂಗೇ ಅವ್ಳೆ,” ಅಂದೆ.

“ಮಕ?”

“ನಿದ್ದೆ ಮಾಡ್ದಂಗದೆ.”

ಭಾಗ್ಯ ಹೊಸಿಲ ಮೇಲೆ ಕೂತಳು. ನಾನು ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡು ಬಂದು, ಮುದ್ದೆ ಮಾಡಿ ಅವಳ ಮುಂದಿಟ್ಟೆ. ಅವಳು ತಿಂದು ಮುಗಿಸುವ ತನಕ ಎದುರಿಗೇ ಕೂತಿದ್ದೆ.