ಎಡಕ್ಕೆ ಬಿದ್ದ ಹೂ

ಅತ್ತಿಗೆ, ಅಮ್ಮ ಜಂಜಿಬಾರ್ ಬೇಡವೆಂದೇ ಹೇಳಿದ್ದಳು. ಹೂ ಎಡಕ್ಕೆ ಬಿದ್ದಿತ್ತು. ಬಲಕ್ಕೆ ಬಂತೆಂದು ಹೇಳಿದವನು ನಾನು — ನಿಮ್ಮ ಮೈದುನ ಶಂಕರ, ಅಮ್ಮನ ಪೂಜೆ ಮಾಡುವವನು, ಹಬ್ಬದ ದಿನ ನೀವು ಇವತ್ತಿಗೂ ಮೊದಲ ಎಲೆ ಹಾಕಿ ಕೂರಿಸುವವನು.

ಇದನ್ನು ಬಾಯಿಬಿಟ್ಟು ಹೇಳಲೆಂದು ಎಷ್ಟೋ ಸಲ ನಿಮ್ಮ ಅಡುಗೆಮನೆಯ ಬಾಗಿಲ ತನಕ ಬಂದಿದ್ದೇನೆ. ನೀವು "ಎಂತ ಶಂಕ್ರ, ಕಾಫಿ ಬೇಕಿತ್ತಾ?" ಅಂದ ಕೂಡಲೇ ಹೌದೆಂದು ತಲೆಯಾಡಿಸಿ, ಕುಡಿದು, ಲೋಟ ತೊಳೆದಿಟ್ಟು ವಾಪಸು ಬಂದಿದ್ದೇನೆ. ಹೇಡಿಗೆ ಕಾಫಿಯೂ ಒಂದು ನೆಪ. ಅದಕ್ಕೇ ಬರೆಯಲು ಕೂತೆ.

ನೆನಪಿದೆಯಲ್ಲ, ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ. ಮುಳುಗಲಿರುವ ಊರುಗಳವರು ಸಾಗರದ ಪೇಟೆಗೆ ಬಂದಾಗ ನಮ್ಮ ಕೆತ್ತನೆ ಅಂಗಡಿಯ ಹಿಂದಿನ ಕೋಣೆಗೂ ಬರುತ್ತಿದ್ದರು. ಅಜ್ಜ ಹಲಸಿನ ಮರದಲ್ಲಿ ಕಡೆದು ಕೆಂಪು ಅರಗು ಬಳಿದಿದ್ದ ದೇವಿ, ನಮ್ಮ ಅಮ್ಮ, ಇದ್ದದ್ದು ಅಲ್ಲಿ. ಎರಡು ಕೇಪಳದ ಹೂಗಳನ್ನು ನೀರಲ್ಲಿ ಅದ್ದಿ ಅವಳ ಎರಡೂ ಭುಜಕ್ಕೆ ಅಂಟಿಸಿ ನಾನು ಪ್ರಶ್ನೆ ಕೇಳುತ್ತಿದ್ದೆ. ಹೊಸನಗರದ ಕಡೆ ಹೋಗುವುದಾ, ತೀರ್ಥಹಳ್ಳಿಯ ಕಡೆಯಾ? ಅವಳ ಬಲಭುಜದ ಹೂ ಬಿದ್ದರೆ ಆಗಬಹುದು, ಎಡದ್ದು ಬಿದ್ದರೆ ಬೇಡ. ಮನೆಮಠ ಬಿಟ್ಟು ಹೊರಟವರು ಆ ಒಂದು ಹೂವನ್ನು ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು. ಅವರಿಗೆ ನಾನು ಯಾವತ್ತೂ ಸುಳ್ಳು ಹೇಳಲಿಲ್ಲ. ಹೇಳಿದ್ದು ನನ್ನ ಸ್ವಂತ ಅಣ್ಣನಿಗೆ.

ಅಣ್ಣನಿಗೂ ಆಗ ಅದೇ ಯೋಚನೆ, ಎಲ್ಲಿ ಹೋಗಿ ಬದುಕುವುದೆಂದು. ನಮ್ಮಿಂದ ಗಂಧದ ಪೆಟ್ಟಿಗೆ ಕೊಳ್ಳುತ್ತಿದ್ದ ಭಟ್ಕಳದ ಸಾಹೇಬರು ಅವನ ತಲೆಗೆ ಆಫ್ರಿಕವನ್ನು ತುಂಬಿದ್ದರು. "ನೈರೋಬೀಲಿ ಸಂಬಳ ಜೋರು, ಆದ್ರೆ ಬಾಡಿಗೇನೇ ತಿಂದುಬಿಡ್ತದೆ. ಅಲ್ಲಿ ಒಂದು ಕೋಣೆಗೆ ಕೊಡೋ ದುಡ್ಡಿಗೆ ಜಂಜಿಬಾರ್‌ನಲ್ಲಿ ಇಡೀ ಮಹಡಿ ಸಿಗ್ತದೆ. ತೆಂಗು ಉಂಟು, ಮೀನು ಉಂಟು, ಮನೆ ಮನೆಗೂ ಕೆತ್ತನೆ ಬಾಗಿಲು" ಎಂದು ಅವರು ಹೇಳುವಾಗ ಅಣ್ಣ ಉಳಿ ಕೆಳಗಿಟ್ಟು ಕೇಳುತ್ತಿದ್ದ. ನೀವು ಮಾತ್ರ ಒಪ್ಪಲಿಲ್ಲ. "ನೈರೋಬೀಲಿ ನಮ್ಮ ಚಿಕ್ಕಪ್ಪನ ಮಗ ಇದಾನೆ. ಬಾಡಿಗೆ ಜಾಸ್ತಿ ಆದ್ರೆ ಆಗ್ಲಿ, ಜ್ವರ ಬಂದ್ರೆ ಗಂಜಿ ಕಾಯಿಸಿ ಕೊಡೋಕೆ ಒಬ್ರಾದ್ರೂ ಬೇಡ್ವಾ?" ಅಂದಿರಿ. ಎಷ್ಟು ಸರಿಯಾಗಿ ಹೇಳಿದ್ದಿರಿ! ಅಣ್ಣನೂ ಒಳಗೊಳಗೇ ನಿಮ್ಮ ಕಡೆಗೇ ವಾಲಿದ್ದ.

ನನ್ನ ಸಂಕಟ ಬೇರೆಯಿತ್ತು. ನೈರೋಬಿಯ ಕೆತ್ತನೆ ಅಂಗಡಿಗೆ ಬೇಕಾಗಿದ್ದದ್ದು ಒಬ್ಬನೇ ಕೆಲಸಗಾರ. ಜಂಜಿಬಾರಿನ ಅಂಗಡಿಯವರು ಇಬ್ಬರನ್ನು ಕೇಳಿದ್ದರು — ಮೊದಲು ಅಣ್ಣ, ಅವನು ನೆಲೆಯಾದ ಮೇಲೆ ನಾನು. ಹೊನ್ನಾವರದ ಆಚೆ ಏನನ್ನೂ ಕಾಣದವನಿಗೆ ಹಡಗಿನ ಕನಸು ಬಿದ್ದಿತ್ತು. ಅಣ್ಣ ಹೋಗುವ ಊರು ನನಗೂ ಜಾಗವಿರುವ ಊರಾಗಬೇಕು, ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ.

ಅಮ್ಮನನ್ನು ಕೇಳುವ ದಿನ ನೀವು ಕೋಣೆಯೊಳಗೆ ಬರುತ್ತಾ ನನ್ನನ್ನು ಛೇಡಿಸಿದಿರಿ: "ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತಾರೆ, ನೀನು ಅಡ್ಡ ಬರಬೇಡ ಮಾರಾಯ." ನಾನು ನಕ್ಕೆ. ಆಗಲೇ ತೆಂಗಿನ ಗರಟೆಯಲ್ಲಿ ಸರೇಸು ಕಾಯಿಸಿ ದೀಪದ ಹಿಂದೆ ಇಟ್ಟಿದ್ದೆ. ಮರಕ್ಕೆ ಮರ ಕಚ್ಚಿಸುವ ಚರ್ಮದ ಅಂಟು ಅದು — ಚರ್ಮದ್ದು, ಅತ್ತಿಗೆ. ಅದನ್ನು ಅಮ್ಮನ ಮೈಗೆ ಮುಟ್ಟಿಸಿದೆ.

ನೈರೋಬಿಗೆ ಕೇಳುವಾಗ ಬಲದ ಹೂವಿಗೆ ಸರೇಸು, ಎಡದ್ದಕ್ಕೆ ಬರೀ ನೀರು. ಎಡದ್ದು ಬಿತ್ತು. ನೀವು ಕಣ್ಣು ಮುಚ್ಚಿಕೊಂಡಿರಿ. ಹಳೆಯ ಹೂಗಳನ್ನು ತೆಗೆದು, ಇನ್ನೂ ಹಸಿಯಿದ್ದ ಸರೇಸನ್ನು ಒಂದು ಚೂರೂ ಉಳಿಯದ ಹಾಗೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಜಂಜಿಬಾರಿಗೆಂದು ಬದಲಾಯಿಸಿ ಇಟ್ಟೆ — ಎಡಕ್ಕೆ ಸರೇಸು, ಬಲಕ್ಕೆ ನೀರು. ಬಲದ್ದು ಈಗ ಬೀಳುತ್ತದೆ, ಆಗ ಬೀಳುತ್ತದೆ ಎಂದು ಕಾದೆ. ಬೀಳಲಿಲ್ಲ. ಹೊರಗೆ ಸಂತೆಯ ಗದ್ದಲ ಕೇಳುತ್ತಲೇ ಇತ್ತು, ಆದರೆ ಬಹಳ ದೂರದಿಂದ ಕೇಳಿದ ಹಾಗೆ. ಬಲದ ಹೂವಿನ ನೀರು ಆರುವುದು ಕಣ್ಣಿಗೇ ಕಾಣುತ್ತಿತ್ತು. ಆಗ, ಎರಡು ತೇಗದ ಹಲಗೆ ಕಚ್ಚಿಸಿದರೆ ಉಳಿ ಹಾಕಿದರೂ ಬಿಡದ ಆ ಅಂಟಿನಿಂದ ಬಿಡಿಸಿಕೊಂಡು, ಎಡದ ಹೂ ಮೆಲ್ಲಗೆ ಅಮ್ಮನ ಎದೆಯ ಮೇಲೆ ಜಾರಿ ನನ್ನ ಕಾಲ ಬಳಿ ಬಿತ್ತು.

ನನ್ನ ಬೆನ್ನು ನಿಮಗೆ ಅಡ್ಡವಿತ್ತು. ನಾನು ಆ ಹೂವಿನ ಮೇಲೆ ಕಾಲಿಟ್ಟೆ.

ನಮಸ್ಕಾರ ಮಾಡುವವನ ಹಾಗೆ ಬಾಗಿ ಬಲದ ಹೂವಿಗೆ ಕೈ ಹಾಕಿದೆ. ಬರೀ ನೀರಲ್ಲಿ ನಿಲ್ಲಿಸಿದ ಹೂ, ಉಸಿರು ತಾಗಿದರೂ ಉದುರಬೇಕು — ಬರಲಿಲ್ಲ. ಎಳೆದೆ. ಬರಲಿಲ್ಲ. ಕೊನೆಗೆ ಉಗುರು ಹಾಕಿ ಕಿತ್ತಾಗ ಅರಗಿನ ಚಕ್ಕೆಯೊಂದು ಜೊತೆಗೇ ಎದ್ದು ಬಂತು. ಅಜ್ಜನ ಕಾಲದ ಒಣ ಮರ. ಆದರೆ ನನ್ನ ಬೆರಳಿಗೆ ಹಸಿ ತಾಗಿತು. ಅದೇ ಬೆರಳಲ್ಲಿ ಹೂ ಎತ್ತಿ ತೋರಿಸಿ ಹೇಳಿದೆ: "ಬಲಕ್ಕೆ ಬಂತು."

"ಅಮ್ಮನೇ ಅಂದ್ಮೇಲೆ ಮುಗೀತು" ಅಂದಿರಿ ನೀವು. ಒಳಗೆ ಹೋಗಿ ಅಣ್ಣನಿಗೆಂದು ಮಿಡಿ ಉಪ್ಪಿನಕಾಯಿ ಭರಣಿಗೆ ತುಂಬಲು ಕೂತಿರಿ.

ಮುಂದಿನದು ನಿಮಗೆ ಗೊತ್ತು. ಅಣ್ಣ ಬೊಂಬಾಯಿಯಿಂದ ಹಡಗು ಹತ್ತಿದ. ಬಾಗಿಲ ಕೆಲಸ ಬೇಕಾದಷ್ಟಿದೆ, ಶಂಕ್ರನನ್ನು ಬೇಗ ಕರೆಸಿಕೊಳ್ಳುತ್ತೇನೆ ಎಂದು ಬರೆದ. ನನ್ನ ಹಡಗಿನ ಕನಸು ಗಟ್ಟಿಯಾಗುತ್ತಿರುವಾಗಲೇ ಆ ದ್ವೀಪದಲ್ಲಿ ದಂಗೆ ಎದ್ದಿತು, ಸುಲ್ತಾನ ಓಡಿಹೋದ. ಅಣ್ಣನ ಕಾಗದ ನಿಂತಿತು. ಸಾಹೇಬರು ಮಾತ್ರ ಒಮ್ಮೆ ಬಂದು, ತಲೆ ಎತ್ತದೆ, "ಅಂಗಡಿ ಸುಟ್ಟು ಹೋಗಿದೆಯಂತೆ. ಬಾಗಿಲೊಂದು ನಿಂತಿದೆಯಂತೆ" ಅಂದರು. ಬಾಗಿಲಿನ ಹಿಂದೆ ಯಾರಿದ್ದರೆಂದು ಅವರಿಗೂ ತಿಳಿಯದು.

ಇಲ್ಲಿಗೆ ಮುಗಿದಿದ್ದರೆ ನನ್ನದು ಒಂದೇ ಪಾಪ. ಎಳೆ ವಯಸ್ಸಿನ ಆಸೆ ಎಂದಾದರೂ ಯಾರಾದರೂ ಅಂದಾರು. ಆದರೆ...

ಆ ನವರಾತ್ರಿಯಲ್ಲಿ ನೀವು ಬಂದು ಅಮ್ಮನ ಮುಂದೆ ಕೂತಿರಿ. "ಶಂಕ್ರಾ, ಕೇಳು. ಇದಾರಾ, ಇಲ್ವಾ?" ಅಷ್ಟೇ ಅಂದಿರಿ. ಅವತ್ತು ನಾನು ಯಾವ ಮೋಸವನ್ನೂ ಮಾಡಲಿಲ್ಲ. ಶುದ್ಧ ನೀರು, ಹೊಸ ಹೂ. ಎಡದ್ದೂ ಬೀಳಲಿಲ್ಲ, ಬಲದ್ದೂ ಬೀಳಲಿಲ್ಲ. ನೀವು ಕಣ್ಣು ಮುಚ್ಚಿಯೇ ಕೂತಿದ್ದಿರಿ, ಹಣೆಯ ಕುಂಕುಮ ಬೆವರಿಗೆ ಇಳಿಯುತ್ತಿತ್ತು. ನನಗೆ ನೋಡಲಾಗಲಿಲ್ಲ. ಬಲಕ್ಕೆ ಬಂತು ಅಂದೆ.

ಆಮೇಲೆ ಪ್ರತಿ ನವರಾತ್ರಿಯೂ ಹಾಗೆಯೇ. ಬೇರೆಯವರು ದನ ಕಳೆದುಹೋಯಿತೆಂದು ಕೇಳಿದರೆ ಪ್ರಶ್ನೆ ಮುಗಿಯುವ ಮೊದಲೇ ಹೂ ಬೀಳುತ್ತದೆ. ಅಣ್ಣನ ಹೆಸರು ಎತ್ತಿದರೆ ಆ ಎರಡು ಹೂಗಳು ಅಮ್ಮನ ಭುಜದ ಮೇಲೇ ಒಣಗಿ ಕಪ್ಪಾಗುತ್ತವೆ, ಬೀಳುವುದಿಲ್ಲ. ಅವಳು ನನ್ನನ್ನೇ ನೋಡುತ್ತಿರುತ್ತಾಳೆ. ನಿಮ್ಮ ತವರು ಮೇಳಿಗೆಯಿಂದ ತಮ್ಮ ಬಂದು, "ಇನ್ನೂ ವಯಸ್ಸಿದೆ ಅಕ್ಕ, ನಮ್ಮ ಜೊತೆ ಬಂದ್ಬಿಡು, ಬೇರೆ ಬದುಕು ನೋಡಣ" ಎಂದು ಕೈ ಹಿಡಿದು ಕರೆದ. ನೀವು ಅವನಿಗೆ ಹೇಳಿದ್ದು ನನಗೆ ಜಗಲಿಗೂ ಕೇಳಿತು — "ಹೂ ಬಲಕ್ಕೆ ಬಂದಿದೆ ಕಣೋ. ಅವರು ಬಂದಾಗ ನಾ ಇಲ್ಲಿ ಇರಬೇಕು." ಆಗಲೂ ನಾನು ಸುಮ್ಮನಿದ್ದೆ. ನಿಮ್ಮ ತಲೆ ನರೆತದ್ದನ್ನು ನೋಡುತ್ತಾ ಸುಮ್ಮನಿದ್ದೆ.

ಮೊನ್ನೆ ನೀವು ಮತ್ತೆ ಕೇಳಿದಿರಿ, "ನಾನು ಹೋಗೋದ್ರೊಳಗೆ ಬರ್ತಾರಾ ಅಂತ ಈ ಸಲ ಕೇಳ್ತೀಯಾ?" ಕೇಳುವುದಿಲ್ಲ ಅತ್ತಿಗೆ. ಇನ್ನು ನಾನು ಅಮ್ಮನ ಮೈಗೆ ಹೂ ಮುಟ್ಟಿಸುವುದಿಲ್ಲ. ಕ್ಷಮಿಸಿ ಎಂದು ಬರೆಯಲು ಕೈ ಬರುತ್ತಿಲ್ಲ, ಆ ಮಾತಿಗೆ ನನಗೆ ಹಕ್ಕಿಲ್ಲ. ಇದನ್ನು ಓದಿದ ಮೇಲೆ ನನ್ನನ್ನು ಕರೆದರೆ ಬರುತ್ತೇನೆ, ಕರೆಯದಿದ್ದರೆ ಬಾಗಿಲ ಹತ್ತಿರವೂ ಸುಳಿಯುವುದಿಲ್ಲ. ಆದರೆ ಇದೊಂದನ್ನು ನೀವು ತಿಳಿದಿರಬೇಕು. ಅಣ್ಣ ಬದುಕಿದ್ದಾನೆಂದು ಅಮ್ಮ ಒಂದು ಸಲವೂ ಹೇಳಿಲ್ಲ. ಇಷ್ಟು ವರ್ಷ ಹೇಳಿದ್ದು ನಾನು.