ರಂಭಾಬಾಯಿಯ ಶರತ್ತು

ಹದಿನೆಂಟು ಹೆಂಗಸರ ಇಪ್ಪತ್ಮೂರು ದಿನದ ಕೂಲಿ ಇನ್ನೂ ಬಾಕಿ ಇದೆ. ತೊಂಬತ್ಮೂರರ ಭೂಕಂಪದಲ್ಲಿ ಬಿದ್ದ ಗೋಡೆಗಳ ಕಲ್ಲುಮಣ್ಣು ಹೊತ್ತ ಕೂಲಿ. ಠೇಕೇದಾರ ಕೊಡಲಿಲ್ಲ, 'ಪೂರಾ ಮುಟ್ಟಿದೆ' ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿರೆಂದ.

ತುರೋರಿ ಹತ್ತಿರದ ಅವನ ಗೋದಾಮಿನ ಗೇಟಿಗೆ ಅಡ್ಡ ಕೂಡುವುದೆಂದು ತಗಡಿನ ಶೆಡ್ಡಿನಲ್ಲಿ ನಿಶ್ಚಯವಾಯಿತು. ಬೈಯುವಂತಿಲ್ಲ, ಕಲ್ಲೆತ್ತುವಂತಿಲ್ಲ, ಜಾಗ ಬಿಟ್ಟು ಏಳುವಂತಿಲ್ಲ. ಅರವತ್ತೆರಡರ ರಂಭಾಬಾಯಿ ಇನ್ನೊಂದು ಶರತ್ತು ಹಾಕಿದಳು.

"ಕೊರಳಾಗ ಲಿಂಗ ಇರಬೇಕು. ಪೋಲೀಸ್ರು ಮುಟ್ಟಿದ್ರ ಮುಟ್ಟಲಿ."

ನಲವತ್ತೇಳರಲ್ಲಿ, ನಿಜಾಮನ ಆಳ್ವಿಕೆ ಇನ್ನೂ ಇದ್ದಾಗ, ಅವಳಪ್ಪ ಕಾಶೆಪ್ಪ ಉದಗೀರದಲ್ಲಿ ತಿರಂಗಾ ಹಿಡಿದು ಸತ್ಯಾಗ್ರಹಕ್ಕೆ ಹೊರಟಿದ್ದ. ಲಾಠಿಗೂ ಜೈಲಿಗೂ ತಯಾರಾಗಿದ್ದ. ಸಿಪಾಯಿಗಳ ಕೈ ತಾಗಬಾರದೆಂದು ಇಷ್ಟಲಿಂಗವನ್ನು ಮಾತ್ರ ಮನೆಯಲ್ಲಿ ಬಿಟ್ಟ. ಲಿಂಗಪೂಜೆಯಿಲ್ಲದೆ ತುತ್ತೆತ್ತದ ಮನುಷ್ಯ. ಜೈಲಿನಲ್ಲಿ ಹಸಿದು ಹಸಿದು, ನಾಲ್ಕನೇ ದಿನ ಕ್ಷಮೆ ಕೇಳುವ ಮಾಫಿನಾಮೆಗೆ ಸಹಿ ಹಾಕಿ ಹೊರಬಂದ. ಸಾಯುವತನಕ ಉದಗೀರದ ಪೇಟೆಗೆ ಕಾಲಿಡಲಿಲ್ಲ.

ಹೆಂಗಸರು ಕೂತರು. ಲಾರಿಯವನು ಇಂಜಿನ್ ಶುರು ಮಾಡಿ ಬಂಪರನ್ನು ಒಂದು ಮೊಳ ದೂರದವರೆಗೆ ತಂದ. ಯಾರೂ ಏಳಲಿಲ್ಲ. ಎರಡನೇ ದಿನ ಮಧ್ಯಾಹ್ನ ಕುಸುಮಬಾಯಿ ಕೂತಲ್ಲೇ ತೂಗಾಡತೊಡಗಿದಳು. ನಿನ್ನೆಯಿಂದ ರೊಟ್ಟಿ ಮುಟ್ಟಿರಲಿಲ್ಲ.

"ಅಕ್ಕಾ, ಲಿಂಗ ಮನ್ಯಾಗೇ ಅದ. ಪೋಲೀಸ್ರ ಕೈ ಹತ್ತತದಂತ ಅಂಜಿ ಬಿಟ್ಟು ಬಂದೀನಿ."

ಠೇಕೇದಾರನ ಮುನೀಮ ಶಾಯಿ ಡಬ್ಬಿ ಹಿಡಿದು ಬಗ್ಗಿದ. "ಹೆಬ್ಬೆಟ್ಟು ಒತ್ತು ಬಾಯಿ, ಮನಿಗಿ ಹೋಗಿ ಉಣ್ಣು."

ಅಪ್ಪನ ಮುಂದೆ ಮಾಫಿನಾಮೆ ಹಿಡಿದವನೂ ಹೀಗೇ ಮೆತ್ತಗೆ ಮಾತಾಡಿರಬೇಕು. ಜಾಗ ಬಿಟ್ಟು ಏಳಬಾರದೆಂಬ ಕಟ್ಟನ್ನು ರಂಭಾಬಾಯಿ ತಾನೇ ಮುರಿದಳು.

"ಏಳು ಕುಸುಮಾ. ಪೂಜಿ ಮಾಡಿ ಉಂಡು ಬಾ. ನಿನ್ನ ಜಾಗ ನಾ ಕಾಯ್ತೀನಿ."

"ಒಂದು ವಿಕೆಟ್ ಬಿತ್ತು," ಎಂದ ಮುನೀಮ.

"ಆಟ ಇನ್ನಾ ಅದ, ಮುನೀಮಜಿ."

ಅವನು ಕಾಗದ ಮಡಚಿಕೊಂಡು ನಡೆದು ಹೊರಟ ಕುಸುಮಬಾಯಿಯ ಹಿಂದೆಯೇ ಮೋಟಾರ್‌ಸೈಕಲ್ ಹತ್ತಿದ. ರಂಭಾಬಾಯಿ ರಸ್ತೆಯನ್ನೇ ನೋಡುತ್ತ ಕೂತಳು. ದಾರಿಯಲ್ಲಿ ಒಬ್ಬಳೇ ಸಿಕ್ಕರೆ, ಹಸಿದವಳು. ಒಂದು ಹೆಬ್ಬೆಟ್ಟು ಬಿದ್ದರೆ ಉಳಿದ ಹದಿನೇಳೂ ಬೀಳುತ್ತವೆ.

ಹೊತ್ತು ಇಳಿಯುವಾಗ ಕುಸುಮಬಾಯಿ ಬಂದಳು. ರಂಭಾಬಾಯಿ ಮೊದಲು ಅವಳ ಹೆಬ್ಬೆಟ್ಟು ನೋಡಿದಳು. ಶಾಯಿ ಇರಲಿಲ್ಲ. ಆಮೇಲೆ ಕೊರಳು ನೋಡಿದಳು. ಲಿಂಗ ಇತ್ತು.

"ಹಿಂದ ಬಂದಿದ್ನಲ್ಲ, ಏನಂದ?"

"ಗಾಡಿ ಮ್ಯಾಲ ಕೂಡು ಅಂದ. ಕೂತು ಕೂತು ಸಾಕಾಗ್ಯಾದ, ನಡೀತೀನಿ ಅಂದೆ."

ಐದನೇ ದಿನ ಠೇಕೇದಾರ ಎಲ್ಲರ ಎದುರು ಕಾಗದ ಹರಿದು, ವಾರದಲ್ಲಿ ಕೊಡುತ್ತೇನೆಂದ. ಮೂರು ವಾರವಾಯಿತು, ಕೊಟ್ಟಿಲ್ಲ. ಸೋಮವಾರ ಅವರು ಮತ್ತೆ ಕೂಡುತ್ತಾರೆ. ಇದನ್ನು ಓದಿ ಅಯ್ಯೋ ಪಾಪ ಎನ್ನಬೇಡಿ. ಯಾವುದಿಲ್ಲದೆ ನಿಮಗೆ ತುತ್ತು ಇಳಿಯುವುದಿಲ್ಲವೋ ಅದನ್ನು ಕಟ್ಟಿಕೊಂಡು ಬಂದು ಹತ್ತೊಂಬತ್ತನೆಯವರಾಗಿ ಕೂಡಿ.